ಹಿತ್ತಲ ಒಲೆಯ ದಿಕ್ಕು

ನಮ್ಮ ಅತ್ತೆಗೆ ಬಂದ ಮೊಣಕಾಲು ನೋವು ಇಡೀ ಮನೆಗೇ ಬಂದ ಹಾಗಾಯಿತು. ಗದಗಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ನೆಲದ ಮೇಲೆ ಕೂಡಲೇಬಾರದು, ಏನಿದ್ದರೂ ನಿಂತು ಮಾಡಬೇಕು ಎಂದರು. ಅವರಿಗೇನು, ಹೇಳಿ ಮುಂದಿನವರನ್ನು ಕರೆದರು. ನೆಲಕ್ಕೆ ಕೂಡದೆ ಜೋಳದ ರೊಟ್ಟಿ ಬಡಿಯುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ. ಆಟೋದಲ್ಲಿ ಬೆಟಗೇರಿಯ ಮನೆ ಮುಟ್ಟುವ ತನಕ ಅತ್ತೆ ಎರಡೂ ಅಂಗೈ ಮೊಣಕಾಲ ಮೇಲೆ ಒತ್ತಿಕೊಂಡೇ ಕೂತಿದ್ದರು.

ಹಾಗೆಂದು ನನಗೆ ರೊಟ್ಟಿ ಬರುವುದಿಲ್ಲ ಎಂದು ತಿಳಿಯಬೇಡಿ. ಲಕ್ಷ್ಮೇಶ್ವರದಲ್ಲಿ ಹುಟ್ಟಿ ಬೆಳೆದವಳು ನಾನು. ಆದರೆ ಈ ಮನೆಯಲ್ಲಿ ನನ್ನ ರೊಟ್ಟಿ ಎರಡನೇ ದರ್ಜೆಯದು. ಅತ್ತೆಯದು ಹಾಳೆಯಷ್ಟು ತೆಳ್ಳಗೆ, ನನ್ನದು ತುಸು ದಪ್ಪ. ಅದನ್ನು ಅವರು ಎಂದೂ ಬಾಯಿಬಿಟ್ಟು ಆಡಿದವರಲ್ಲ. ಮುರಿಯುವ ಮೊದಲು ರೊಟ್ಟಿಯ ಅಂಚನ್ನು ಬೆರಳಲ್ಲಿ ಹಿಡಿದು ಒಂದು ಸಲ ನೋಡುತ್ತಾರೆ, ಅಷ್ಟೆ. ಬೈದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೊದಮೊದಲು ಅವರು ಪಡಸಾಲೆಯ ಕುರ್ಚಿಯಲ್ಲಿ ಕೂತು, ನಾನು ಬಡಿಯುವ ಸಪ್ಪಳ ಕೇಳಿಯೇ ಹಿಟ್ಟು ಬಿರುಸಾಗಿದೆ, ನೀರು ಸರಿಯಾಗಿ ಕಾದಿಲ್ಲ ಎಂದು ತೀರ್ಪು ಕೊಡುತ್ತಿದ್ದರು. ಬರಬರುತ್ತ ಅದನ್ನೂ ಬಿಟ್ಟರು. ಅತ್ತೆ ನನ್ನ ತಪ್ಪು ತೆಗೆಯುವುದನ್ನು ಬಿಟ್ಟಾಗಲೇ ನನಗೆ ಖರೆ ಹೆದರಿಕೆಯಾದದ್ದು. ಒಂದು ದಿನ ಅರ್ಧ ರೊಟ್ಟಿ ತಿಂದು ಕೈ ತೊಳೆದರು. ಯಾಕೆಂದು ಕೇಳಿದರೆ, "ಮುಂಜಾನಿಂದ ಏನ್ ಮಾಡೀನಂತ ಹಸಿವ್ಯಾಗಬೇಕು?" ಎಂದರು.

ಅಡುಗೆಮನೆಯ ಗ್ಯಾಸ್ ಕಟ್ಟೆಯ ಮುಂದೆ ನಿಲ್ಲಿಸಿ ನೋಡಿದೆ. ಅತ್ತೆ ಗಿಡ್ಡ, ಕಟ್ಟೆ ಎತ್ತರ. ಒಂದೊಂದು ಏಟಿಗೂ ಮೇಲಿನ ಹಲಗೆಯ ಡಬ್ಬಿಗಳೆಲ್ಲ ಕುಣಿದು, ಚಹಾಪುಡಿಯ ಡಬ್ಬಿ ಬಂದು ಹಿಟ್ಟಿನೊಳಗೇ ಬಿತ್ತು. ಅಲ್ಲಿಗೆ ಆ ಆಟ ಮುಗಿಯಿತು.

ಹಿತ್ತಲಲ್ಲಿ ಒಲೆ ಕಟ್ಟಿಸುವ ಯೋಚನೆ ನಮ್ಮ ಯಜಮಾನರದು. ಪರದೇಶದವರು ಅಂಗಳದ ನಡುವೆ ಇಟ್ಟಿಗೆಯ ಕಟ್ಟೆ ಕಟ್ಟಿ, ನಿಂತುಕೊಂಡೇ ಅಡುಗೆ ಮಾಡುವುದನ್ನು ಫೋನಿನಲ್ಲಿ ನೋಡಿದ್ದರು. ನಾಲ್ಕೂ ಕಡೆಯಿಂದ ಓಡಾಡಬಹುದು, ನಡುವೆ ಕಟ್ಟಿಗೆಯ ಒಲೆ, ಪಕ್ಕದಲ್ಲಿ ರೊಟ್ಟಿ ಬಡಿಯಲು ಫರಸಿ ಕಲ್ಲು, ಎಲ್ಲವೂ ಅವ್ವನ ಎತ್ತರಕ್ಕೆ. ಹುರುಪು ಬಂದರೆ ಅವರನ್ನು ಹಿಡಿಯುವವರಿಲ್ಲ. ಇದ್ದಿಲು ತಂದು ಹಿತ್ತಲ ಗೋಡೆಯ ಮೇಲೇ ನಕ್ಷೆ ಬರೆದರು. ಅತ್ತೆ ಕುರ್ಚಿಯಿಂದ ಎದ್ದು ಬಂದು ಅದನ್ನು ನೋಡಿ, ಇದೇನು ಒಲೆಯೋ ಎತ್ತಿನಬಂಡಿಯೋ ಎಂದರು. ಎಷ್ಟೋ ದಿನದ ಮೇಲೆ ಅವರು ಆಡಿದ ಮೊದಲ ಚೇಷ್ಟೆಯ ಮಾತು ಅದು.

ನಮ್ಮ ಕಂಪೌಂಡು ಕಟ್ಟಿದ್ದ ಬೆಳ್ಳಟ್ಟಿಯ ಗೌಂಡಿಯನ್ನೇ ಕರೆಸಿದೆವು. ಕಟ್ಟೆ ಎಷ್ಟೆತ್ತರ ಬೇಕು ಎಂದು ಅವರು ಕೇಳಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿತ್ತಲ ನಡುವೆ ನಿಂತು, ತುಸು ಬಗ್ಗಿ, ಬರೀ ಗಾಳಿಯಲ್ಲಿ ರೊಟ್ಟಿ ಬಡಿಯತೊಡಗಿದರು. ಗೌಂಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಅಂಗೈ ಎಲ್ಲಿಗಿಳಿಯುತ್ತದೆ ಎಂದು ಕೋಲಿನ ಮೇಲೆ ಗುರುತು ಮಾಡಿಕೊಂಡರು. ಇದನ್ನು ಮಾಳಿಗೆಯ ಮೇಲಿಂದ ಕಂಡ ಪಕ್ಕದ ಮನೆಯಾಕೆ, ನಿಮ್ಮತ್ತಿ ಮೈಮೇಲೆ ದೇವರು ಬಂದೈತೇನು ಎಂದು ನನ್ನನ್ನು ಗಾಬರಿಯಿಂದ ಕೇಳಿದಳು.

ಗೌಂಡಿಯ ಎರಡನೇ ಪ್ರಶ್ನೆ ದಿಕ್ಕಿನದು. ಅಡುಗೆ ಮಾಡುವವರ ಮುಖ ಪೂರ್ವಕ್ಕಿರಬೇಕು ಎಂದು ಅತ್ತೆ, ಯಜಮಾನರು, ನಾನು ಒಟ್ಟಿಗೇ ಹೇಳಿದೆವು. ಗೌಂಡಿಯೂ ತಲೆದೂಗಿದರು. ಚಹಾಕ್ಕೆ ಎಷ್ಟು ಸಕ್ಕರೆ ಎಂಬುದಕ್ಕೂ ಜಗಳವಾಗುವ ನಮ್ಮ ಮನೆಯಲ್ಲಿ ವಾದವಿಲ್ಲದೆ ತೀರ್ಮಾನವಾದದ್ದು ಅದೊಂದೇ. ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕೆಂದರೆ ಒಲೆಯ ಬಾಯಿ ಪಶ್ಚಿಮಕ್ಕೆ ತೆರೆಯಬೇಕು. ಹಾಗೇ ಕಟ್ಟಿದರು.

ಕೆಲಸ ನಡೆದಷ್ಟು ದಿನ ಅತ್ತೆ ಹೊಸ ಮನುಷ್ಯಳಾದರು. ಹೊತ್ತು ಹೊತ್ತಿಗೆ ಇಟ್ಟಿಗೆಗೆ ನೀರು ಉಣಿಸಿದರು. ಗೌಂಡಿ ಕಟ್ಟಿದ ಸಾಲು ಸೊಟ್ಟಗಿದೆ ಎಂದು ಒಂದು ಸಲ ಬಿಚ್ಚಿಸಿಯೂಬಿಟ್ಟರು. ಒಲೆಯ ಒಳಗೆ ಮಣ್ಣು ಮೆತ್ತುವುದನ್ನು ಯಾರಿಗೂ ಬಿಡದೆ ತಾವೇ ಮಾಡಿದರು. ತವರೂರು ಹಮ್ಮಿಗಿಯಿಂದ ಹತ್ತಿಕಟ್ಟಿಗೆಯ ಹೊರೆ ತರಿಸಿದರು. ನನ್ನ ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದು ಬೈದದ್ದೂ ಆಗಲೇ, ನಾನು ಒಳಗೊಳಗೇ ನಕ್ಕೆ.

ಒಲೆ ಹೊತ್ತಿಸಿದ್ದು ಆಷಾಢದಲ್ಲಿ. ಪಶ್ಚಿಮದಿಂದ ಬೀಸುವ ಆಷಾಢದ ಗಾಳಿ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕೆ? ನಮ್ಮ ಮಾಳಿಗೆ ಹತ್ತಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುವುದು ಕಾಣುತ್ತದೆ. ಈ ಗಾಳಿಯನ್ನು ಹಿಡಿಯಲೆಂದು ಎಲ್ಲೆಲ್ಲಿಂದಲೋ ಜನ ಬಂದು ಅವನ್ನು ನೆಟ್ಟು ಹೋಗಿದ್ದಾರೆ. ಅದೇ ಗಾಳಿಯಲ್ಲಿ ಹುಟ್ಟಿ ಬೆಳೆದ ನಾವು ನಾಲ್ಕು ಮಂದಿ ಸೇರಿ ಒಲೆಯ ಬಾಯನ್ನು ನೇರ ಅದರ ಕಡೆಗೇ ತೆರೆದಿಟ್ಟಿದ್ದೆವು.

ಅತ್ತೆ ಒಲೆಗೆ ಅರಿಶಿನ ಕುಂಕುಮ ಏರಿಸಿ, ಬೆಂಕಿ ಮಾಡಿ, ಹಂಚು ಇಟ್ಟರು. ಮನೆಯ ಪಕ್ಕದ ಸಂದಿಯಿಂದ ಪಶ್ಚಿಮದ ಗಾಳಿ ನುಗ್ಗಿತು. ಪರಾತದೊಳಗಿನ ಹಿಟ್ಟು ಎದ್ದು ಕಂಪೌಂಡು ದಾಟಿ ಹೋಯಿತು. ಉರಿ ಹಂಚನ್ನು ಬಿಟ್ಟು ಒಲೆಯ ಹಿಂದೆ ಹೊರಬಿತ್ತು. ರೊಟ್ಟಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಅಷ್ಟರಲ್ಲಿ ಬೆನ್ನ ಹಿಂದಿನ ಗಾಳಿಗೆ ಅತ್ತೆಯ ಸೆರಗು ಹಾರಿ ಉರಿಯ ಮೇಲೆ ಹೋಯಿತು. ಯಜಮಾನರು ಜಿಗಿದು ಎಳೆದದ್ದಕ್ಕೆ ಅಂಚು ಕಮರಿದ್ದಷ್ಟೆ. ಅತ್ತೆ ಹಿಟ್ಟಿನ ಕೈ ಝಾಡಿಸಿ ಒಳಗೆ ಹೋಗಿ ಮತ್ತೆ ಆ ಕುರ್ಚಿಯಲ್ಲಿ ಕೂತರು.

"ಇನ್ನ ನನ್ನ ಕೈಲೆ ಆಗಂಗಿಲ್ಲ. ಬಿಟ್ಟಬಿಡ್ರಿ," ಎಂದರು.

ಗೌಂಡಿ ಬಂದು ನೋಡಿ ಬಹಳ ಹೊತ್ತು ತಲೆ ಕೆರೆದುಕೊಂಡರು. ಈ ಬಾಯಿ ಮುಚ್ಚಿ ಪೂರ್ವದ ಕಡೆಗೆ ಬಾಯಿ ತೆಗೆಯೋಣ, ಪಶ್ಚಿಮಕ್ಕೆ ಗೇಣೆತ್ತರದ ಮರೆ ಕಟ್ಟಿ ಹೊಗೆಗೆ ಒಂದು ಕೊಳವೆ ಏರಿಸೋಣ ಎಂದರು. ಹಾಗೆ ಮಾಡಿದರೆ ಅತ್ತೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಅತ್ತೆ ಕೇಳಿಸಿಕೊಳ್ಳಲೂ ತಯಾರಿರಲಿಲ್ಲ. ಹುಟ್ಟಿದಾಗಿನಿಂದ ಆ ದಿಕ್ಕಿಗೆ ಮುಖ ಮಾಡಿ ಅನ್ನ ಬೇಯಿಸಿಲ್ಲ, ಸಾಯುವಾಗ ಕಲಿಯುವುದಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ನಾಳೆಯೇ ಕಟ್ಟೆ ಕೆಡವಿಸಿ ಅಲ್ಲಿ ಕರಿಬೇವು ಹಚ್ಚುತ್ತೇನೆ, ನೀವು ಬದುಕಿರುವ ತನಕ ನನ್ನ ದಪ್ಪ ರೊಟ್ಟಿಯನ್ನೇ ಉಣ್ಣಿರಿ ಎಂದುಬಿಟ್ಟೆ.

ಮರುದಿನ ಸಂಜೆ ಹಿತ್ತಲ ಬಾಗಿಲು ಕಿರ್ರೆಂದಿತು. ಅತ್ತೆ ಕೋಲೂರಿಕೊಂಡು ಹೋಗಿ ಕಟ್ಟೆಯ ಆಚೆ, ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು. ನಮ್ಮ ಮಾಳಿಗೆಯ ಮೇಲೆ ಹೊತ್ತು ಮುಳುಗುತ್ತಿತ್ತು. ಅದನ್ನೇ ಕಣ್ಣು ಕಿರಿದು ಮಾಡಿ ನೋಡಿ, "ಸಂಜಿಮುಂದ ಸೂರ್ಯಪ್ಪ ಈ ಕಡೇನ ಇರ್ತಾನಲ್ಲ. ಸಂಜಿಕ ಬಡದ್ರಾತು. ಗೌಂಡಿಗೆ ಬಾ ಅನ್ನು," ಎಂದರು. ಶಾಸ್ತ್ರವನ್ನು ಅವರೇ ತಿದ್ದಿಕೊಂಡ ಮೇಲೆ ನಾನೇಕೆ ಬಾಯಿ ಹಾಕಲಿ? ಆಗಲೇ ಫೋನು ಹಚ್ಚಿದೆ.

ತಿದ್ದಿದ ಒಲೆ ಹೊತ್ತಿಸಿದ ಸಂಜೆ ನಾವು ತಾಟು ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತೆವು, ನಾನು ತುಸು ಬಾಗಿಲ ಮರೆಗೆ. ಉರಿ ಹಂಚಿನ ಕೆಳಗೇ ನಿಂತಿತು, ಹೊಗೆ ಕೊಳವೆಯಿಂದ ಮೇಲೆ ಹೋಯಿತು. ನಿಂತು ಬಡಿದು ರೂಢಿ ಇಲ್ಲದ್ದಕ್ಕೆ ಮೊದಲ ರೊಟ್ಟಿ ಹರಿಯಿತು. ಎರಡನೆಯದು ದೇಶದ ನಕ್ಷೆಯ ಹಾಗಾಯಿತು. ಮೂರನೆಯದು ತಿರುಗುತ್ತ ತಿರುಗುತ್ತ ತೆಳ್ಳಗಾಗಿ, ಹಂಚಿನ ಮೇಲೆ ಬಿದ್ದು ಪೂರಾ ಉಬ್ಬಿತು. ಇಷ್ಟೊಂದು ಸಂತೋಷವಾದೀತೆಂದು ನಾನೂ ಎಣಿಸಿರಲಿಲ್ಲ.

ಹಿಟ್ಟು ನಾದುತ್ತ ಅತ್ತೆ ಕತ್ತೆತ್ತಿ ನಮ್ಮ ಕಡೆ ನೋಡಿದರು. ಯಜಮಾನರು ರೊಟ್ಟಿಯ ಸುತ್ತಲಿನ ದಂಡಿ ಮುರಿದು ಮೆಟ್ಟಿಲ ಕೆಳಗಿನ ನಾಯಿಗೆ ಹಾಕುತ್ತಿದ್ದರು.

"ಏನಲೇ, ದಂಡಿ ಬಿಟ್ಟು ಉಣ್ತಿ? ಯಾವಾಗಿಂದ ಇದು?"

ಸಣ್ಣಾಂವಿದ್ದಾಗಿನಿಂದ ಎಂದು ಮಗ ಒಪ್ಪಿಕೊಂಡರು. ಅತ್ತೆ ಕಟ್ಟೆ ಹಿಡಿದುಕೊಂಡು ನಕ್ಕೇ ನಕ್ಕರು. ಹಳೆಯ ಅಡುಗೆಮನೆಯಲ್ಲಿ ಒಲೆ ಪೂರ್ವದ ಗೋಡೆಗೆ ಅಂಟಿಕೊಂಡಿತ್ತು. ಅತ್ತೆ ಗೋಡೆಗೆ ಮುಖ ಮಾಡಿ ಕೂತರೆ ಉಣ್ಣುವವರು ಅವರ ಬೆನ್ನ ಹಿಂದೆ ಕೂಡುತ್ತಿದ್ದರು. ಇನ್ನೊಂದು ರೊಟ್ಟಿ ಎಂದಾಗ ಅತ್ತೆ ತಿರುಗಿ ನೋಡದೆ ಕೈ ಹಿಂದೆ ಚಾಚುತ್ತಿದ್ದರು. ಮಾವ ತೀರಿಕೊಳ್ಳುವ ತನಕ ಹಾಗೇ ನಡೆದಿತ್ತು.

ನಗು ನಿಂತ ಮೇಲೆ ಅತ್ತೆ ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡರು. ತಟ್ಟಲಿಲ್ಲ.

"ನಿಮ್ಮಪ್ಪಾರು ಹೆಂಗ ಉಣತಿದ್ರು ಅನ್ನೂದನ್ನ ನಾ ಒಂದ್ ದಿನಾನೂ ನೋಡ್ಲಿಲ್ಲ ನೋಡು," ಎಂದು ಮಗನಿಗೆ ಹೇಳಿದರು.

ಯಜಮಾನರು ತಾಟಿನ ಮೇಲೆ ಕಣ್ಣಿಟ್ಟರು. ಅತ್ತೆ ಹಿಟ್ಟು ಉದುರಿಸಿಕೊಂಡು ಬಡಿಯತೊಡಗಿದರು. ಬಡಿಯುತ್ತಲೇ ನನ್ನ ಕಡೆ ತಿರುಗಿ, "ನೀ ಯಾಕ ಬಾಗಲದ ಮರಿಗೆ ಕುಂತಿ? ಈ ಕಡೆ ಬಾ, ನನಗ ಕಾಣೂಹಂಗ ಕುಂಡ್ರು," ಎಂದರು.

ನಾನು ತಾಟು ಎತ್ತಿಕೊಂಡು ಹೋಗಿ ಕಟ್ಟೆಯ ಎದುರಿಗೆ ಕೂತೆ. ಹಂಚಿನಿಂದ ಇಳಿಸಿದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಶೇಂಗಾ ಚಟ್ನಿ ಹಾಕಿ ನನಗೆ ಕೊಟ್ಟರು. ನಾನು ಮೊದಲ ತುತ್ತು ಬಾಯಿಗಿಟ್ಟು ಅಗಿದು ನುಂಗುವ ತನಕ ಮುಂದಿನ ಉಂಡೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.