ಬೆಳಕು ಜಾರಬೇಕಿತ್ತು, ನೆಗೆಯುತ್ತಿತ್ತು

೧೯೯೯ರಲ್ಲಿ ನಾನು ಜೆ.ಪಿ. ನಗರದಲ್ಲಿ ಎಲ್‌ಇಡಿ ಫಲಕ ತಯಾರಿಸುವ ಸಣ್ಣ ಘಟಕವೊಂದರ ಡಿಸೈನ್ ಎಂಜಿನಿಯರ್ ಆಗಿದ್ದೆ. ಘಟಕದ ಇಬ್ಬರು ಪಾಲುದಾರರಲ್ಲಿ ನಾನೊಬ್ಬಳು, ಇನ್ನೊಬ್ಬ ಶ್ರೀಧರ. ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದವರು. ಬಾಡಿಗೆ ಮನೆಯ ಹಾಲ್‌ನಲ್ಲಿ ಮೇಜು ಹಾಕಿಕೊಂಡು ಬ್ಯಾಂಕುಗಳಿಗೆ ಟೋಕನ್ ಸಂಖ್ಯೆ ತೋರಿಸುವ ಫಲಕಗಳನ್ನು ಮಾಡಿಕೊಡುತ್ತಿದ್ದೆವು. ಅವುಗಳಲ್ಲಿ ಅಂಕಿ ಬದಲಾದರೆ ಸಾಕಿತ್ತು. ಹೇಗೆ ಬದಲಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಜಯನಗರದಿಂದ ಡಾ. ನಳಿನಿ ನಮ್ಮನ್ನು ಹುಡುಕಿಕೊಂಡು ಬಂದರು. ತಲೆಸುತ್ತು ಇರುವವರ, ತಲೆಗೆ ಪೆಟ್ಟು ಬಿದ್ದವರ ಕಣ್ಣಿನ ಚಲನೆಯನ್ನು ಪರೀಕ್ಷಿಸುವುದು ಅವರ ಕೆಲಸ. ಅವರ ಕ್ಲಿನಿಕ್ಕಿನಲ್ಲಿ ಹಳೆಯ ವಿದೇಶಿ ಯಂತ್ರವೊಂದಿತ್ತು. ಮೋಟರಿಗೆ ಜೋಡಿಸಿದ ಒಂದು ತೋಳು, ತೋಳಿನ ತುದಿಯಲ್ಲೊಂದು ಪುಟ್ಟ ಬಲ್ಬು. ಅದು ಗಡಿಯಾರದ ಲೋಲಕದ ಹಾಗೆ ಆ ಕಡೆಗೂ ಈ ಕಡೆಗೂ ತೂಗುತ್ತಿತ್ತು. ರೋಗಿ ತಲೆ ಅಲ್ಲಾಡಿಸದೆ ಬರೀ ಕಣ್ಣಿನಿಂದ ಅದನ್ನು ಹಿಂಬಾಲಿಸಬೇಕು. ಕಣ್ಣಿನ ಪಕ್ಕ ಅಂಟಿಸಿದ ಎಲೆಕ್ಟ್ರೋಡುಗಳ ಮೂಲಕ ಆ ಚಲನೆಯೆಲ್ಲ ಓಡುವ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಎಲ್ಲ ಸರಿಯಿದ್ದರೆ ಗೆರೆ ನುಣುಪಾದ ಅಲೆ. ತೊಂದರೆ ಇದ್ದರೆ ಮೆಟ್ಟಿಲು ಮೆಟ್ಟಿಲು. ಈಗ ಮೋಟರು ಸುಟ್ಟು, ಗೇರಿನ ಹಲ್ಲು ಸವೆದು, ಬಿಡಿಭಾಗ ಸಿಗದೆ ಯಂತ್ರ ಮೂಲೆ ಸೇರಿತ್ತು. ಅದೇ ಚಲನೆಯನ್ನು ಎಲ್‌ಇಡಿಯಲ್ಲಿ ತರಬಹುದೇ ಎಂದು ಡಾಕ್ಟರ್ ಕೇಳಿದರು. ನಾನು ಕೂಡಲೇ ಆಗುತ್ತದೆ ಅಂದುಬಿಟ್ಟೆ.

ಉದ್ದನೆಯ ಪಟ್ಟಿಯ ಮೇಲೆ ಅರವತ್ತನಾಲ್ಕು ಕೆಂಪು ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದೆ. ಯಾವುದು ಯಾವಾಗ ಹೊತ್ತಿಕೊಳ್ಳಬೇಕು ಎಂಬುದನ್ನು ನಿರ್ಧರಿಸಲು ಒಂದು ಮೈಕ್ರೋಕಂಟ್ರೋಲರ್, ಅಂದರೆ ನಾವು ಬರೆದ ಆದೇಶಗಳನ್ನು ಒಂದಾದ ಮೇಲೊಂದರಂತೆ ನಡೆಸುವ ಚಿಪ್. ಲೋಲಕ ನಡುವೆ ವೇಗವಾಗಿ, ತುದಿಯಲ್ಲಿ ನಿಧಾನವಾಗಿ ಹೋಗುತ್ತದೆ. ಆ ಲೆಕ್ಕವನ್ನೂ ಹಾಕಿದೆ. ಹಾಲ್‌ನ ಈ ತುದಿಯಲ್ಲಿ ನಿಂತು ನೋಡಿದರೆ ಬೆಳಕು ಚೆನ್ನಾಗಿಯೇ ಓಡುತ್ತಿತ್ತು. ಕ್ಲಿನಿಕ್ಕಿಗೆ ತಲುಪಿಸಿ ಬಂದೆವು.

ಕೆಲವೇ ದಿನಗಳಲ್ಲಿ ಡಾಕ್ಟರ್ ಫೋನ್ ಮಾಡಿ ಕರೆಸಿಕೊಂಡರು. ಹೋದಾಗ ಅಲ್ಲಿ ಬಸವರಾಜ ಎಂಬ ಚಾಲಕ ಕುಳಿತಿದ್ದ. ಬಾಗಲಕೋಟೆ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ಮನೆ ಮಾಡಿಕೊಂಡಿದ್ದ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಮಿನಿ ಬಸ್ಸಿನಲ್ಲಿ ಕರೆತಂದು ಬಿಡುವುದು ಅವನ ಕೆಲಸ. ಬಸ್ಸಿನ ಮೇಲೇರಿ ಟಾರ್ಪಾಲು ಕಟ್ಟುವಾಗ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಆಸ್ಪತ್ರೆಯಲ್ಲಿದ್ದು ಬಂದಿದ್ದ. ಗಾಯ ಮಾಗಿತ್ತು. ಆದರೆ ಡಾಕ್ಟರ್ ಸರಿ ಎನ್ನುವ ತನಕ ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂದು ಕಾರ್ಖಾನೆಯವರು ಅವನನ್ನು ಗೇಟಿನಲ್ಲಿ ಕೂರಿಸಿದ್ದರು. ನಮ್ಮ ಫಲಕದ ಮುಂದೆ ಅವನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬಂದಿತ್ತು.

ಡಾಕ್ಟರ್ ನನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಪಕ್ಕ ಎಲೆಕ್ಟ್ರೋಡು ಅಂಟಿಸಿದರು. ನನ್ನ ಗೆರೆಯೂ ಮೆಟ್ಟಿಲಾಗಿಯೇ ಬಂತು.

"ನಿಮ್ಮ ಕಣ್ಣಿಗೇನೂ ಆಗಿಲ್ಲ ವಸುಧಾ," ಎಂದರು ಡಾಕ್ಟರ್. "ನಿಮ್ಮ ದೀಪ ನೆಗೀತಾ ಇದೆ. ಅದು ನೆಗೆದ್ರೆ ಕಣ್ಣೂ ನೆಗೆಯುತ್ತೆ. ಇದನ್ನಿಟ್ಕೊಂಡು ನಾನು ಯಾರಿಗೂ ಏನೂ ಹೇಳೋಕಾಗಲ್ಲ."

ಬಸವರಾಜ ಎರಡೂ ಕಾಗದಗಳನ್ನು ನೋಡುತ್ತಾ ನಿಂತಿದ್ದ. ನಾನು ಹೊರಡುವಾಗ ಬಾಗಿಲ ತನಕ ಬಂದ.

"ನಿಮ್ಮ ದೀಪ ಸರಿ ಆದ್ರ ನಾನೂ ಸರಿ ಆಗ್ತೀನೇನ್ರಿ ಮೇಡಂ?"

ಬೇಗ ಮಾಡ್ತೀನಿ ಎಂದಷ್ಟೇ ಹೇಳಿ ಆಟೊ ಹತ್ತಿದೆ.

ಆಮೇಲೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ಚಲಿಸುವುದೆಲ್ಲ ಕಣ್ಣಿಗೆ ಬೀಳತೊಡಗಿತು. ಮಾತಿನ ನಡುವೆ ಫ್ಯಾನಿನ ರೆಕ್ಕೆ ನೋಡುತ್ತಿದ್ದೆ, ಸಿಗ್ನಲ್‌ನಲ್ಲಿ ಪಕ್ಕದ ಬಸ್ಸಿನ ಚಕ್ರ ನೋಡುತ್ತಿದ್ದೆ. ಮಡಿವಾಳ ಕೆರೆಯ ಮೇಲೆ ತೇಲುವ ಹದ್ದನ್ನು ಹಿಂಬಾಲಿಸಿದರೆ ಕಣ್ಣು ಎಣ್ಣೆ ಸವರಿದಂತೆ ಜಾರುತ್ತಿತ್ತು. ಹದ್ದು ಮರೆಯಾದ ಮೇಲೆ ಅದೇ ದಾರಿಯಲ್ಲಿ ಬರೀ ಆಕಾಶವನ್ನು ನೋಡಿಕೊಂಡು ಹೋಗಲು ಯತ್ನಿಸಿದರೆ ಕಣ್ಣು ತಡವರಿಸಿ ತಡವರಿಸಿ ನೆಗೆಯುತ್ತಿತ್ತು. ಕಣ್ಣಿಗೆ ತಾನಾಗಿ ಜಾರಲು ಬರುವುದಿಲ್ಲ, ಜಾರುವುದೊಂದು ಎದುರಿಗಿರಬೇಕು ಎಂದು ಆಗ ತಿಳಿಯಿತು. ನನ್ನ ಪಟ್ಟಿಯಲ್ಲಿ ಜಾರುವುದೇನೂ ಇರಲಿಲ್ಲ. ಒಂದು ದೀಪ ಆರುತ್ತಿತ್ತು, ಪಕ್ಕದ್ದು ಹತ್ತುತ್ತಿತ್ತು, ಅಷ್ಟೇ.

ಒಂದು ದೀಪ ಮಂಕಾಗುತ್ತಿದ್ದಂತೆ ಪಕ್ಕದ್ದು ನಿಧಾನವಾಗಿ ಬೆಳಗುವಂತೆ ಪ್ರೋಗ್ರಾಮ್ ಬದಲಾಯಿಸಿದೆ. ಎಲ್‌ಇಡಿಯನ್ನು ಮಂಕು ಮಾಡುವ ವಿಧಾನಕ್ಕೆ ಪಿಡಬ್ಲ್ಯುಎಂ ಎನ್ನುತ್ತೇವೆ: ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ವೇಗದಲ್ಲಿ ಆರಿಸಿ ಹತ್ತಿಸುವುದು, ಆರಿರುವ ಹೊತ್ತು ಹೆಚ್ಚಿದಷ್ಟೂ ಬೆಳಕು ಕಡಿಮೆ. ಮೊದಲಿಗಿಂತ ವಾಸಿಯಾಯಿತು. ಆದರೂ ತುದಿಗಳಲ್ಲಿ, ಲೋಲಕ ನಿಧಾನವಾಗುವ ಜಾಗದಲ್ಲಿ, ಬೆಳಕು ಎಡವಿದಂತೆ ಕಾಣುತ್ತಿತ್ತು. ಇತ್ತ ಬ್ಯಾಂಕಿನ ಆರ್ಡರು ಬಾಕಿ ಬಿದ್ದಿತ್ತು. ಶ್ರೀಧರ ಸಿಟ್ಟಾಗುವವನಲ್ಲ, ಆದರೆ ಆ ವಾರ ಅವನು ನನ್ನ ಮೇಜಿನ ಕಡೆಗೇ ಬರಲಿಲ್ಲ. ನಾನು ಊಟದ ಡಬ್ಬಿ ಬಿಚ್ಚಿ, ಮರೆತು, ಸಂಜೆ ಹಾಗೆಯೇ ಮುಚ್ಚುತ್ತಿದ್ದೆ. ಗೇಟಿನಲ್ಲಿ ಕುಳಿತ ಬಸವರಾಜ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತಿದ್ದ.

ದಾರಿ ಸಿಕ್ಕಿದ್ದು ಬಚ್ಚಲುಮನೆಯ ಕಿಟಕಿಯಲ್ಲಿ. ಮುಸ್ಸಂಜೆ ಕೈ ತೊಳೆಯಲು ಹೋಗಿದ್ದೆ. ಹೊರಗಿನ ಗಲ್ಲಿಯಲ್ಲೊಂದು ಸ್ಕೂಟರ್ ಹಾದುಹೋಯಿತು. ಕಿಟಕಿಗಿದ್ದದ್ದು ಆಚೆಯದು ಕಾಣದಂಥ ಮಬ್ಬು ಗಾಜು. ಸ್ಕೂಟರಿನ ದೀಪ ಆ ಗಾಜಿನ ಮೇಲೆ ದೊಡ್ಡ ಮೆತ್ತನೆಯ ಚುಕ್ಕೆಯಾಗಿ ಹರಡಿ, ಒಂದು ಅಂಚಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರಿತು. ಆ ಚುಕ್ಕೆಗೆ ಅಂಚೇ ಇರಲಿಲ್ಲ. ನನ್ನ ಎಲ್‌ಇಡಿಗಳು ಒಂದೊಂದೂ ಸೂಜಿಯ ಮೊನೆಯಂತಿದ್ದವು. ಎಷ್ಟೇ ಮಂಕು ಮಾಡಿದರೂ ಕಣ್ಣು ಅವುಗಳನ್ನು ಬಿಡಿ ಬಿಡಿಯಾಗಿ ಗುರುತಿಸಿಬಿಡುತ್ತಿತ್ತು. ಕೈ ಒರೆಸಿಕೊಳ್ಳುವುದನ್ನೂ ಮರೆತು ಮೇಜಿಗೆ ಬಂದೆ.

ಮರುದಿನ ಅಂಗಡಿ ಬೋರ್ಡು ಮಾಡುವವರಿಂದ ಹಾಲಿನ ಬಣ್ಣದ ಅಕ್ರಿಲಿಕ್ ಹಾಳೆ ತಂದು, ಪಟ್ಟಿಯ ಮುಂದೆ ಒಂದಿಷ್ಟು ಜಾಗ ಬಿಟ್ಟು ಕೂರಿಸಿದೆ. ಬೆಳಕು ಎರಡಲ್ಲ, ಅಕ್ಕಪಕ್ಕದ ನಾಲ್ಕು ದೀಪಗಳ ಮೇಲೆ ಗುಡ್ಡದ ಆಕಾರದಲ್ಲಿ ಹಂಚಿಹೋಗುವಂತೆ, ಆ ಗುಡ್ಡವೇ ಸರಿಯುವಂತೆ ಪ್ರೋಗ್ರಾಮ್ ಮತ್ತೆ ಬರೆದೆ. ಕತ್ತಲಲ್ಲಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಮಂಕು ಬೆಳಕಿನ ಹಂತಗಳನ್ನು ಇನ್ನೂ ಸಣ್ಣದಾಗಿ ಸೀಳಿದೆ. ಸ್ವಿಚ್ ಹಾಕಿದಾಗ ಶ್ರೀಧರ ತಾನಾಗಿ ಎದ್ದು ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, ಒಳಗೆ ಮೋಟರ್ ಇಟ್ಟಿದ್ದೀಯಾ ಎಂದು ಕೇಳಿದ.

ಕ್ಲಿನಿಕ್ಕಿನಲ್ಲಿ ನನ್ನ ಗೆರೆ ಅಲೆಯಾಗಿ ಬಂತು. ಡಾಕ್ಟರದ್ದೂ ಅಲೆಯೇ. ಬಸವರಾಜನನ್ನು ಕೂರಿಸಿದರು. ನಾನು ಕಾಗದದ ಪಕ್ಕದಲ್ಲೇ ನಿಂತಿದ್ದೆ. ಪೆನ್ನು ಎರಡು ಸಲ ಮೇಲೆ ಕೆಳಗೆ ಹೋಗುವಷ್ಟರಲ್ಲೇ ಗೊತ್ತಾಯಿತು. ಮೊದಲಿನಷ್ಟು ಒರಟಾಗಿಲ್ಲದಿದ್ದರೂ ಅವನ ಗೆರೆಯಲ್ಲಿ ಮೆಟ್ಟಿಲುಗಳಿದ್ದವು. ನನಗೆ ನಂಬಲು ಮನಸ್ಸಾಗಲಿಲ್ಲ. ವೈರು ಅಲ್ಲಾಡಿಸಿ ನೋಡಿದೆ, ಎಲೆಕ್ಟ್ರೋಡು ಬದಲಾಯಿಸಲು ಹೇಳಿದೆ, ನಾನೇ ಮತ್ತೆ ಕುಳಿತೆ. ನನ್ನದು ಮತ್ತೆ ಅಲೆಯೇ.

ಬೆಳಕಿನ ವೇಗ ಹೊಂದಿಸಲು ಪಟ್ಟಿಯ ಹಿಂದೆ ಒಂದು ತಿರುಪು ಇಟ್ಟಿದ್ದೆ. ಬಸವರಾಜ ಹೊರಗೆ ಹೋದಾಗ, ವೇಗ ಸ್ವಲ್ಪ ಕಡಿಮೆ ಮಾಡಿದರೆ ಅವನ ಗೆರೆ ನುಣುಪಾಗಬಹುದು ಎಂದು ಡಾಕ್ಟರಿಗೆ ಹೇಳಿದೆ.

ಅವರು ನನ್ನನ್ನೇ ನೋಡಿದರು. "ಆಗಬಹುದು. ಆದ್ರೆ ಹೊಸೂರು ರೋಡಲ್ಲಿ ಅಡ್ಡ ಬರೋರು ಇವನಿಗೋಸ್ಕರ ನಿಧಾನವಾಗಿ ಬರ್ತಾರಾ?"

ನಾನು ತಿರುಪಿನಿಂದ ಕೈ ತೆಗೆದೆ.

ಅವನನ್ನು ಮತ್ತೆ ಕರೆದು ಡಾಕ್ಟರ್ ಮೊದಲಿನಿಂದ ವಿಚಾರಿಸಿದರು. ಆಗ ಒಂದು ಸಂಗತಿ ಹೊರಬಿತ್ತು. ಪೆಟ್ಟು ಬಿದ್ದಾಗ ಫಿಟ್ಸ್ ಬರದಿರಲೆಂದು ಆಸ್ಪತ್ರೆಯವರು ಮಾತ್ರೆ ಕೊಟ್ಟಿದ್ದರು. ಮತ್ತೆ ತೋರಿಸಲು ಬರಬೇಕೆಂದೂ ಹೇಳಿದ್ದರು. ಚೆನ್ನಾಗಿಯೇ ಇದ್ದೇನಲ್ಲ ಎಂದು ಅವನು ಹೋಗಿರಲಿಲ್ಲ. ಆದರೆ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ಕೊಂಡು ನುಂಗುವುದನ್ನು ಬಿಟ್ಟಿರಲಿಲ್ಲ. ಹೆದರಿಕೆಯಾದ ದಿನ ಒಂದು ಹೆಚ್ಚಿಗೇ ತೆಗೆದುಕೊಳ್ಳುತ್ತಿದ್ದನಂತೆ. ಅಂಥ ಮಾತ್ರೆ ರಕ್ತದಲ್ಲಿ ಹೆಚ್ಚಾದರೆ ಕಣ್ಣಿನ ಓಟ ಹೀಗೇ ತಡವರಿಸುತ್ತದೆ ಎಂದು ಡಾಕ್ಟರ್ ನನಗೆ ವಿವರಿಸಿದರು. ತಟ್ಟನೆ ನಿಲ್ಲಿಸಿದರೆ ಅಪಾಯ. ಅದಕ್ಕಾಗಿ ಅವನನ್ನು ನರರೋಗ ತಜ್ಞರ ಬಳಿ ಕಳಿಸಿದರು. ಅವರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾ ಬಂದರು.

ಮುಂದಿನ ಬೇಸಿಗೆಯಲ್ಲಿ ಡಾಕ್ಟರ್ ನನಗೆ ಮತ್ತೆ ಫೋನ್ ಮಾಡಿದರು. ಹೋದೆ. ಬಸವರಾಜ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ. ದೀಪ ಎಡಕ್ಕೂ ಬಲಕ್ಕೂ ಜಾರಿತು, ವೇಗ ಮೊದಲಿನದೇ. ಕಾಗದದ ಮೇಲೆ ಒಂದಾದ ಮೇಲೊಂದು ಅಲೆ ಎದ್ದಿತು, ಎಲ್ಲೂ ಮುರಿಯಲಿಲ್ಲ. ಇನ್ನು ಗಾಡಿ ಓಡಿಸಬಹುದು ಎಂದು ಡಾಕ್ಟರ್ ಹೇಳಿದಾಗ ಅವನು ಕುಣಿದಾಡಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಒಂದ್ ಮಾತ್ ಹೇಳಿರ್ಲಿಲ್ರಿ," ಎಂದ ಕೊನೆಗೆ. "ಬಸ್ಸಿನ್ಯಾಗ ಕುಂತಾಗ ಹೊರಗಿನ ಬೋರ್ಡ್ ಎಲ್ಲಾ ಜಿಗದಂಗ ಕಾಣ್ತಿತ್ರಿ. ಹೇಳಿದ್ರ ಕೆಲಸ ಹೊಕ್ಕೈತಿ ಅಂತ ಬಾಯಿ ಬಿಡಲಿಲ್ಲ."

ಅವತ್ತು ತಿರುಪು ತಿರುಗಿಸಲು ಹೋದ ನನ್ನನ್ನು ಡಾಕ್ಟರ್ ತಡೆಯದಿದ್ದರೆ, ಬೆಳಗಿನ ಪಾಳಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ಆ ಕಣ್ಣುಗಳು ರಸ್ತೆಗಿಳಿಯುತ್ತಿದ್ದವು.

ಆಮೇಲೆ ಅಂಥ ಫಲಕಗಳನ್ನು ಇನ್ನೂ ಕೆಲವು ಆಸ್ಪತ್ರೆಗಳಿಗೆ ಮಾಡಿಕೊಟ್ಟೆವು. ಟೋಕನ್ ಬೋರ್ಡುಗಳ ಕೆಲಸವೂ ನಡೆದಿತ್ತು. ಅಲ್ಲಿಯವರೆಗೆ ಯಂತ್ರ ಕೆಲಸ ಮಾಡಿದರೆ ಎಂಜಿನಿಯರಿನ ಹೊಣೆ ಮುಗಿಯಿತು ಎಂದುಕೊಂಡಿದ್ದೆ. ಮನುಷ್ಯರನ್ನು ಅಳೆಯುವ ಯಂತ್ರದ ವಿಷಯದಲ್ಲಿ ಅಷ್ಟು ಸಾಲದು. ತನ್ನ ದೋಷವನ್ನು ಅದು ಎದುರಿಗೆ ಕುಳಿತವನ ಮೇಲೆ ಹೊರಿಸಬಾರದು. ಅವನ ಮೇಲಿನ ಮರುಕಕ್ಕೆ ಅವನ ದೋಷವನ್ನು ಮುಚ್ಚಿಡಲೂ ಬಾರದು. ಮೊದಲನೆಯದನ್ನು ನಾನು ಮೇಜಿನ ಮುಂದೆ ಕುಳಿತು ಕಲಿತೆ. ಎರಡನೆಯದನ್ನು ಕಲಿಸಿದವರು ಆ ಡಾಕ್ಟರ್.