ಹೊಳೆಯಲ್ಲಿಲ್ಲದ ನೀರುನಾಯಿ

ಬನ್ರವ್ವ, ಕಾಲು ಚಾಚಿ ಕೂತ್ಕೊಳ್ಳಿ, ಮೊಮ್ಮಗಳ ಸೀಟು ನಾನೇ ಕೆಡಿಸಿದ ಕತೆ ಹೇಳ್ತೀನಿ. ವಸತಿ ಶಾಲೆಯ ಪರೀಕ್ಷೆಗೆ ಅಂತ ಸೋಸಲೆಯಿಂದ ನಂಜನಗೂಡಿಗೆ ಅವಳನ್ನ ಕರ್ಕೊಂಡು ಹೋಗಿದ್ದೆ. ಬಸ್ಸಿನುದ್ದಕ್ಕೂ ಪ್ರಾಣಿಗಳ ಇಂಗ್ಲಿಷು ಬಾಯಿಪಾಠ ಮಾಡಿದಳು. ಅಲ್ಲಿ ಬಾಯಿಪರೀಕ್ಷೆ ಮಾಡೋ ಮೇಡಮ್ಮು ನನ್ನನ್ನೂ ಮಗುವಿನ ಪಕ್ಕ ಕೂರಿಸಿ, ನಿಮ್ಮೂರಿನ ಪ್ರಾಣಿ ಬಗ್ಗೆ ಹೇಳು ಅಂದರು. ಮಗು ನಮ್ಮ ಹೊಳೆಯ ನೀರುನಾಯಿ ಬಗ್ಗೆ ಇಂಗ್ಲಿಷಲ್ಲಿ ಪಟಪಟ ಹೇಳಿತು.

“ನೀನೇ ನೋಡಿದ್ದೀಯಾ?”

“ಅಜ್ಜಿ ಹೇಳೈತೆ, ದಿನಾ ಬತ್ತವಂತೆ.”

ಮೇಡಮ್ಮು ನನ್ನ ಕಡೆ ತಿರುಗಿದರು. “ಹೌದಾ ಅಜ್ಜಿ?”

“ಈಗಿಲ್ಲ ಕಣ್ರವ್ವ. ಬಲೆ ಹರೀತವೆ ಅಂತ ನಾವೇ ಹೊಡೆದು ಮುಗಿಸಿದ್ವಿ. ನಾನೂ ದೊಣ್ಣೆ ಹಿಡಿದಿದ್ದೆ.”

“ಅವೆ ಅಂದಿದ್ಯಲ್ಲಜ್ಜಿ!” ಅಂತ ಮಗು ಅತ್ತಿತು. ಆಮೇಲೆ ಏನು ಕೇಳಿದರೂ ಬಾಯೇ ಬಿಡಲಿಲ್ಲ.

ಸೀಟು ಬೇರೆ ಮಗುವಿಗೆ ಹೋಯಿತು. ಮೇಡಮ್ಮಿಗೆ ವರ್ಗವಾಯಿತಂತೆ. ಮೊಮ್ಮಗಳು ಊರ ಸ್ಕೂಲಲ್ಲೇ ಓದ್ತಾಳೆ. ನಾನು ಮಳೆ ಬಂತು ಅಂದರೂ ಈಗ ಹೊರಗೆ ಹೋಗಿ ನೋಡಿಯೇ ನಂಬ್ತಾಳೆ.