ಆಯಿಯ ಕೈಮೇಲೆ ಎಳೆದ ಗೆರೆ

ಆಗಿನ ಕಾಲದಲ್ಲಿ ನಮ್ಮ ಹಾರವಾಡದ ದಂಡೆಯ ಮೇಲೆ ಯಾರ ಮೀನು ಎಲ್ಲಿ ಒಣಗಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಊರಿಗೆಲ್ಲ ಅಂಗಡಿಯ ಒಂದು ಕಾಯಿನ್ ಫೋನು, ಮೊಬೈಲು ಇದ್ದವರು ಒಬ್ಬಿಬ್ಬರು. ನಾನು ಏಳನೇ ಇಯತ್ತೆ. ಅಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು ಮರಳಿನ ಮೇಲೆ ಹರವಿದ್ದ ತಾರ್ಲೆ ಮೀನು ಮಗುಚಿ ಹಾಕುತ್ತಿದ್ದೆ. ಅಂಗಾಲು ಸುಡುವಂಥ ಬಿಸಿಲು, ಮೂಗಿನ ತುಂಬ ಉಪ್ಪು ಮತ್ತು ಮೀನೆಣ್ಣೆಯ ವಾಸನೆ. ಆಗ ನನ್ನ ಅಮ್ಮನ, ಅಂದರೆ ಆಯಿಯ ಜೊತೆ ಅಂಕೋಲೆ ಪೇಟೆಗೆ ಮೀನು ಮಾರಲು ಹೋಗುವ ನಾಗಿ ಅತ್ತೆ ಬಂದಳು. ತಲೆಯ ಮೇಲೆ ಎರಡು ಬುಟ್ಟಿ, ಒಂದು ನಮ್ಮ ಮನೆಯದು.

"ಏ ಹೆಣ್ಣೆ, ಮೀನು ಬಿಟ್ಟು ಓಡು. ನಿನ್ನ ಆಯಿ ಬಸ್ಸಿಳಿದು ಅಲ್ಲೇ ಕೂತ್ಕಂಡದೆ. ಕೈ ಬಾತು ದಪ್ಪ ಆಗ್ಯದೆ!"

ಆಯಿಯ ಕೈಗೆ ಏನಾಗಿದೆ ಎಂದು ನನಗೆ ಗೊತ್ತಿತ್ತು. ಮೂರು ದಿನದ ಹಿಂದೆ ಶೆಟ್ಲಿ, ಎಂದರೆ ಸಿಗಡಿ, ಸುಲಿಯುವಾಗ ಅದರ ತಲೆಯ ಮುಳ್ಳು ಎಡಗೈಯ ತೋರುಬೆರಳಿಗೆ ಚುಚ್ಚಿತ್ತು. ಅವಳು ಅದಕ್ಕೆ ಸುಣ್ಣ, ತಂಬಾಕು ತುಂಬಿ ಹಳೇ ಸೀರೆಯ ಅಂಚು ಸುತ್ತಿಕೊಂಡು ಪೇಟೆಗೆ ಹೋಗುತ್ತಲೇ ಇದ್ದಳು.

ಇದನ್ನು ನಾನು ಸುಮ್ಮನೆ ನೋಡಿಕೊಂಡು ಇದ್ದವಳಲ್ಲ. ಶಾಲೆಯ ಮಂತ್ರಿಮಂಡಲದಲ್ಲಿ ನಾನು ಆರೋಗ್ಯ ಮಂತ್ರಿ. ಹತ್ತಿ, ಬ್ಯಾಂಡೇಜು, ಟಿಂಕ್ಚರು ಇದ್ದ ಮರದ ಪೆಟ್ಟಿಗೆಯ ಕೀಲಿ ನನ್ನ ಕೊರಳಲ್ಲೇ ಇರುತ್ತಿತ್ತು. ಸರಕಾರಿ ಉಪಕೇಂದ್ರದ ನರ್ಸಬಾಯಿ ಶನಿವಾರ ಶಾಲೆಗೆ ಬಂದು ಕೈ ತೊಳೆಯುವುದು, ಗಾಯ ತೊಳೆಯುವುದು, ಮುರಿದ ಕೈಗೆ ಜೋಲಿ ಕಟ್ಟುವುದು ಇವನ್ನೆಲ್ಲ ಕಲಿಸುತ್ತಿದ್ದರು. ಕಲಿತದ್ದನ್ನು ನಾನು ಕೇರಿಯ ಮೇಲೆಲ್ಲ ಪ್ರಯೋಗ ಮಾಡುತ್ತಿದ್ದೆ. ನನ್ನನ್ನು ಕಂಡರೆ ನಾಗಿ ಅತ್ತೆ, "ಮಂತ್ರಿ ಬಂತ್ರೆ, ಎಲ್ಲಾ ಉಗುರು ತೋರ್ಸಿ!" ಎಂದು ಕೂಗುವಳು.

ಮುಳ್ಳು ಚುಚ್ಚಿದ ದಿನವೇ ಆಯಿಗೆ ಹೇಳಿದ್ದೆ, "ಸುಣ್ಣ ಹಾಕ್ಬೇಡ, ಸಾಬೂನು ಹಚ್ಚಿ ತೊಳಿ." ಅವಳು ನಕ್ಕಿದ್ದಳು. "ಮೀನು ಮುಟ್ಟೂ ಕೈ ಇದು. ತೊಳೀತಾ ಕೂತ್ರೆ ಪೇಟೆಗೆ ಹೋಗೂದು ಯಾರು, ನಿನ್ನ ನರ್ಸಬಾಯಿಯಾ?"

ಮನೆಗೆ ಕರೆತಂದು ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಬೆರಳು ಹೊಳೆಯುವಷ್ಟು ಬಾತಿತ್ತು. ಅಲ್ಲಿಂದ ಕೆಂಪು ಗೆರೆಯೊಂದು ಹಾವಿನ ಹಾಗೆ ಮುಂಗೈ ಹತ್ತಿತ್ತು. ಅಪ್ಪ ಬೋಟಿನ ಮೇಲೆ ಮಲಪೆ ಕಡೆ ಹೋಗಿದ್ದರಿಂದ ಮನೆಯಲ್ಲಿ ಕೇಳುವ ದೊಡ್ಡವರೆಂದರೆ ಅವರ ಆಯಿ, ನನ್ನ ಅಜ್ಜಿ. ಅವಳು ನೋಡಿದ ಕೂಡಲೇ ಹೇಳಿದಳು, "ಸರ್ಪಸುತ್ತು ಇದು. ಕಾವಿ ಹಚ್ಚಬೇಕು."

ಕಾವಿ ಹಚ್ಚುವುದರಲ್ಲಿ ಅಜ್ಜಿಗೆ ಹೆಸರಿತ್ತು. ತುಳಸಿ ನೀರು ಬಿಟ್ಟು ಕೆಂಪು ಕಾವಿ ತೇಯ್ದು, ಬಾಯಲ್ಲೇ ಏನೋ ಹೇಳಿಕೊಳ್ಳುತ್ತ, ಕೆಂಪಾದ ಜಾಗಕ್ಕೆಲ್ಲ ದಪ್ಪಗೆ ಬಳಿಯುತ್ತಿದ್ದಳು. ಅರ್ಧ ಗಂಟೆ ಬೇಕಾಗುತ್ತಿತ್ತು. ಪಕ್ಕದ ಊರುಗಳಿಂದಲೂ ಜನ ಬರುತ್ತಿದ್ದರು. ದೇವರ ಮುಂದೆ ಒಂದು ಕಾಯಿ ಇಟ್ಟರೆ ಆಯಿತು, ಬೇರೇನೂ ಮುಟ್ಟುತ್ತಿರಲಿಲ್ಲ. ಒಂದೇ ಕಟ್ಟು: ಮೂರು ದಿನ ಅದನ್ನು ತೊಳೆಯಬಾರದು. ತೊಳೆದವರಿಗೆ ದೋಷ.

ಆಯಿಯ ಕೈಗೂ ಹಾಗೆಯೇ ಬಳಿದಳು. ನನಗೆ ಕಷ್ಟವಾದದ್ದು ಅಲ್ಲಿಯೇ. ಕೆಂಪು ಎಲ್ಲಿವರೆಗೆ ಇದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ, ಗೆರೆ ದಾಟಿತೋ ಒಂದು ಗಳಿಗೆಯೂ ಕಾಯಬೇಡಿ ಎಂದು ನರ್ಸಬಾಯಿ ಹೇಳಿದ್ದರು. ಈಗ ಕೆಂಪಿನ ಮೇಲೆ ಕೆಂಪು. ಒಳಗೆ ಏನಾಗುತ್ತಿದೆ ಎಂದು ನೋಡುವುದು ಹೇಗೆ? ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಕಂಪಾಸಿನಿಂದ ನೀಲಿ ಪೆನ್ನು ತೆಗೆದು ಆಯಿಯ ಹತ್ತಿರ ಕುಳಿತೆ.

"ಎಂತ ಮಾಡ್ತೆ ಅದು? ಕಾವಿ ಮೇಲೆ ಶಾಯಿಯಾ?" ಎಂದಳು ಅಜ್ಜಿ.

"ಕಾವಿ ಮೇಲಲ್ಲ ಅಜ್ಜಿ. ಕಾವಿ ಮುಗಿದಲ್ಲಿ."

"ಬರೀಲಿ ಬಿಡಿ ಅತ್ತೆ," ಆಯಿ ಮಲಗಿದಲ್ಲಿಂದಲೇ ಹೇಳಿದಳು. "ಮಂತ್ರಿಗಳ ಸಹಿ ಒಂದು ಆಗೋಗ್ಲಿ."

ಅವಳ ಕೈ ಒಲೆಯ ಪಕ್ಕದ ಪಾತ್ರೆಯ ಹಾಗೆ ಬೆಚ್ಚಗಿತ್ತು. ಮೊಣಕೈಯ ಕೆಳಗೆ ಬಳೆಯ ಹಾಗೆ ಗೆರೆ ಎಳೆದೆ.

ಬೆಳಗಾದಾಗ ಆಯಿ ಏಳಲಿಲ್ಲ. ಹಲ್ಲು ಕಟಕಟ ಎನ್ನುವಷ್ಟು ಚಳಿ. "ನಾಗಿ ಬಂತಾ, ಬಸ್ಸು ಹೋಯ್ತಾ?" ಎಂದು ಕೇಳುತ್ತಿದ್ದಳು, ಭಾನುವಾರ ಎಂಬುದೂ ತಿಳಿಯದೆ. ನಾನು ಕೈ ನೋಡಿದೆ. ನೀಲಿ ಗೆರೆಯಿಂದ ಎರಡು ಬೆರಳು ಮೇಲಕ್ಕೆ, ಮೊಣಕೈಯ ಮಡಿಕೆ ದಾಟಿ, ಕೆಂಪು ಇತ್ತು.

"ಅಜ್ಜಿ, ಗೆರೆ ದಾಟ್ಯದೆ!"

"ಬೆವರಿಗೆ ಕಾವಿ ಹರಡ್ಯದೆ. ಸುಮ್ನಿರು."

"ಕಾವಿ ಅಲ್ಲ ಅಜ್ಜಿ. ನೀನೇ ಒರ್ಸಿ ನೋಡು."

ಅಜ್ಜಿ ನನ್ನನ್ನೇ ಒಮ್ಮೆ ನೋಡಿದಳು. ಆಮೇಲೆ ಬೆರಳನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಗೆರೆಯ ಮೇಲಿನ ಕೆಂಪನ್ನು ಒರೆಸಿದಳು. ಬೆರಳಿಗೆ ಏನೂ ಹತ್ತಲಿಲ್ಲ. ಇನ್ನೊಮ್ಮೆ ಒರೆಸಿದಳು. ಬಾಗಿಲ ಬೆಳಕಿಗೆ ಬೆರಳು ಹಿಡಿದು ನೋಡಿದಳು. ಅದು ಸ್ವಚ್ಛವಾಗಿಯೇ ಇತ್ತು.

ನಾನು ತಂಬಿಗೆಗೆ ಕೈ ಹಾಕಿದೆ. ಅಜ್ಜಿ ತಡೆದಳು.

"ನೀ ಮುಟ್ಬೇಡ. ದೋಷ ಬಂದ್ರೆ ನಂಗೇ ಬರ್ಲಿ, ನಾ ಬದುಕಿದ್ದು ಸಾಕು."

ದೇವರ ಗೂಡಿನ ಕಡೆ ಒಮ್ಮೆ ಕೈ ಮುಗಿದು, ತಾನೇ ಬಳಿದ ಕಾವಿಯನ್ನು ತಾನೇ ತೊಳೆದಳು. ಕೆಳಗೆ ಇದ್ದದ್ದು ಕಂಡಿತು. ಮುಂಗೈಯೆಲ್ಲ ಕೆಂಪಾಗಿ ಬಿಗಿದಿತ್ತು, ಬೆರಳಿನ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಅಯ್ಯೋ ದೇವರೇ, ಇದು ಸರ್ಪಸುತ್ತಲ್ಲ," ಎಂದಳು ಅಜ್ಜಿ, ಮೆಲ್ಲಗೆ. ನಾನು ಆಗಲೇ ಅಂಗಳ ದಾಟಿದ್ದೆ.

ಭಾನುವಾರ ನರ್ಸಬಾಯಿ ತಮ್ಮ ಊರಿಗೆ ಹೋಗುವುದು ರೂಢಿ. ಆ ವಾರ ಹೋಗಿರಲಿಲ್ಲ. ಇಂಥದ್ದನ್ನು ನಾನು ಇವತ್ತಿಗೂ ದೇವರ ಲೆಕ್ಕಕ್ಕೇ ಹಾಕುತ್ತೇನೆ. ಅವರು ಬಂದು ಮೊದಲು ಸಾಬೂನಿನಿಂದ ತಮ್ಮ ಕೈ ತೊಳೆದುಕೊಂಡರು. ಆಯಿಯ ಕಂಕುಳು ಮುಟ್ಟಿ ಗಂಟು ನೋಡಿದರು.

"ನಂಜು ಮೇಲೆ ಹತ್ತುತ್ತಾ ಇದೆ. ಈಗಲೇ ಅಂಕೋಲೆಗೆ ಹೊರಡಬೇಕು. ಈ ಗೆರೆ ಯಾರು ಹಾಕಿದ್ದು?"

"ನಾನು, ಬಾಯಿ."

"ಪಕ್ಕದಲ್ಲಿ ಹೊತ್ತು ಯಾಕೆ ಬರೀಲಿಲ್ಲ? ಎಷ್ಟು ಗಂಟೆಗೆ ಹಾಕಿದ್ದು ಅಂತ ಡಾಕ್ಟರು ಕೇಳಿದ್ರೆ ಏನು ಹೇಳ್ತಿ?"

"ದೀಪ ಹಚ್ಚಿದ ಮೇಲೆ," ಎಂದೆ. ಅವರು ಬೈಯಲಿಲ್ಲ.

ಮೀನು ಒಯ್ಯಲು ಬಂದ ಟೆಂಪೋ ಒಂದು ದಂಡೆಯಲ್ಲೇ ನಿಂತಿತ್ತು. ಅದರಲ್ಲೇ ಹೋದೆವು. ದವಾಖಾನೆಯಲ್ಲಿ ಬೆರಳು ಕೊಯ್ದು ಕೀವು ತೆಗೆದರು, ಸೂಜಿ ಮೇಲೆ ಸೂಜಿ ಕೊಟ್ಟರು. "ಇನ್ನೊಂದು ದಿನ ಬಿಟ್ಟಿದ್ದರೆ," ಎಂದು ಡಾಕ್ಟರು ಶುರು ಮಾಡಿದವರು ನನ್ನನ್ನು ಕಂಡು ಅಲ್ಲಿಗೇ ಬಿಟ್ಟರು. ಮೂರನೇ ದಿನ ಕೆಂಪು ನನ್ನ ಗೆರೆಗಿಂತ ಕೆಳಗೆ ಇಳಿದಿತ್ತು. ವಾರ ಕಳೆದು ಆಯಿ ಮನೆಗೆ ಬಂದಳು. ಆ ಬೆರಳು ಮತ್ತೆ ಮಡಚಲಿಲ್ಲ. ಹೋದದ್ದು ಅಷ್ಟೇ, ಅದೂ ಎಡಗೈಯದು.

ಆಮೇಲೆ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ಮಗುವನ್ನು ಎತ್ತಿಕೊಂಡು, ಕಾಯಿ ಹಿಡಿದು ಬಂದರು. ಮಗುವಿನ ಸೊಂಟದ ಒಂದು ಪಕ್ಕ ಸಾಲಾಗಿ ಗುಳ್ಳೆ ಎದ್ದಿದ್ದವು. ಇದು ನಿಜವಾದ ಸರ್ಪಸುತ್ತೇ ಇರಬೇಕು. ಅಜ್ಜಿ ಮಗುವಿನ ತಲೆ ಸವರಿದಳು, ಕಾವಿ ತೆಗೆಯಲಿಲ್ಲ.

"ನರ್ಸಬಾಯಿಗೆ ತೋರ್ಸಿ. ನಂಗೆ ಈಗ ಕಣ್ಣು ಕಾಣೂದಿಲ್ಲ," ಎಂದಳು.

ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ದೂರದ ಬೋಟು ಯಾರದೆಂದು ದಂಡೆಯಲ್ಲಿ ನಿಂತೇ ಹೇಳುತ್ತಿದ್ದಳು. ಅವರು ಹೋದ ಮೇಲೆ ನಾನು ಕೇಳಿದೆ, "ಅಜ್ಜಿ, ಕಾವಿ ಹಚ್ಚೂವಾಗ ಬಾಯಲ್ಲಿ ಹೇಳ್ತಿದ್ಯಲ್ಲ, ಅದು ಎಂತದು? ನಂಗೆ ಹೇಳಿಕೊಡು."

"ಎಂತದೂ ಇಲ್ಲ. ಗಂಜಿಗೆ ಅಕ್ಕಿ ತೊಳಿ ಹೋಗು."

ಕಾವಿಯಿಂದ ಕೀವು ವಾಸಿಯಾಗುವುದಿಲ್ಲ. ನನ್ನ ಮಕ್ಕಳಿಗೆ ಏನಾದರೂ ಚುಚ್ಚಿದರೆ ಸಾಬೂನು, ನೀರು, ಆಮೇಲೆ ದವಾಖಾನೆ; ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾನು ಈಗಿರುವ ಚಿತ್ತಾಕುಲ ಊರಿನ ಈ ಮನೆಯಲ್ಲಿ ಮಗುವಿಗೆ ಜ್ವರ ಬಂದು, ಔಷಧಿ ಕುಡಿಸಿ ಆದ ಮೇಲೆ, ಹತ್ತಿರ ಕುಳಿತು ಹೇಳಲು ನನಗೆ ಆ ಮಾತುಗಳು ಬರುವುದಿಲ್ಲ. ಯಾವ ದೇವರ ಹೆಸರಿತ್ತೋ ಅದರಲ್ಲಿ, ಅಜ್ಜಿ ಯಾರಿಗೂ ಹೇಳದೆ ಹೋದಳು. ನನ್ನ ಗೆರೆಯಿಂದ ಆಯಿ ಉಳಿದಳು, ಅಜ್ಜಿಯ ಹತ್ತಿರ ಜನ ಬರುವುದು ನಿಂತಿತು. ಎರಡೂ ನಡೆದದ್ದು ಹೌದು.

ಅಂದು, ಅಕ್ಕಿ ತೊಳಿ ಎಂದು ಹೇಳಿ ಅವಳು ಮುಖ ಆಚೆ ತಿರುಗಿಸಿಕೊಂಡಿದ್ದಳು. ನಾನು ಮತ್ತೆ ಕೇಳಲಿಲ್ಲ. ಪಾತ್ರೆಯಲ್ಲಿ ಅಕ್ಕಿ ಹಾಕಿಕೊಂಡು ತೊಳೆಯಲು ಬಾವಿಕಟ್ಟೆಗೆ ಹೋದೆ.